ಕಾಫಿ ಪಲ್ಪರ್ ನೀರು ಹಳ್ಳಕ್ಕೆ ಬಿಡಬೇಡಿ, ಹೀಗೆ ಮಾಡಿ
ಅರೇಬಿಕಾ ಕಾಫಿ ಕುಯ್ಲು ಶುರುವಾಯ್ತು, ಪಲ್ಪಿಂಗ್ (ಪಲ್ಪರ್ ಮೆಷಿನ್‌ಗೆ ಹಾಕಿ ಹಣ್ಣಿನ ಸಿಪ್ಪೆ ಬಿಡಿಸೋದು) ಮಾಡೋರು ದಯವಿಟ್ಟು ಇದೊಂದು ಓದಿ. ಹೋದ ವರ್ಷ ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ನೀರು ಕಪ್ಪಾಗಿ ಹುಳಿ ವಾಸ್ನೆ ಹೊಡೀತಿತ್ತು, ಕಲ್ಲಿನ ಸಂದೀಲಿ ಸಣ್ಣ ಮೀನು, ಏಡಿ ಎಲ್ಲ ಸತ್ತು ಬಿದ್ದಿದ್ವು, ನೋಡಿ ಹೊಟ್ಟೆ ಉರೀತು. ಪಲ್ಪರ್ ನೀರಲ್ಲಿ ವಿಷ ಏನೂ ಇಲ್ವಲ್ಲ ಅಂತಾರೆ, ಆದ್ರೆ ಹಣ್ಣಿನ ಲೋಳೇಲಿರೋ ಸಕ್ಕರೆ ತಿನ್ನೋಕೆ ಬ್ಯಾಕ್ಟೀರಿಯಾ ಒಂದೇ ಸಲ ಬೆಳೆದು ನೀರಲ್ಲಿರೋ ಆಕ್ಸಿಜನ್ ಖಾಲಿ ಮಾಡ್ತವೆ, ಮೀನಿಗೆ ಉಸಿರು ಕಟ್ಟತ್ತೆ. ಡಿಸೆಂಬರ್ ಜನವರೀಲಿ ಹರಿವೂ ಕಮ್ಮಿ ಇರತ್ತೆ, ಅದಕ್ಕೇ ಏಟು ಜೋರು. ನಮ್ಮ ಮೂಡಿಗೆರೆ ಕಡೆ ಎಷ್ಟೋ ಹಳ್ಳ ಸೇರೋದು ಹೇಮಾವತಿಗೇ, ಕೆಳಗೆ ಸಕಲೇಶಪುರದೋರು ಕುಡಿಯೋ ನೀರದು.

ಪಲ್ಪರ್ ನೀರು ನಿಲ್ಸೋಕೆ ಹಳ್ಳ, ಬಾವಿಯಿಂದ ದೂರ ಗುಂಡಿ ತೆಗೆಸಿ ತಳಕ್ಕೆ ಟಾರ್ಪಾಲ್ ಹಾಸಿ. ಸಿಪ್ಪೆ ಮೊದ್ಲೇ ಜರಡೀಲಿ ಬೇರೆ ಮಾಡಿ, ಸಗಣಿ ಜೊತೆ ಗೊಬ್ಬರಕ್ಕೆ ಹಾಕಿ, ಒಳ್ಳೇ ಗೊಬ್ಬರ ಆಗತ್ತೆ. ಗುಂಡಿ ನೀರಿಗೆ ಸುಣ್ಣ ಕಲಸಿ ಹುಳಿ ಮುರೀಬೇಕು, ಹುಳಿ ಎಷ್ಟಿದೆ ಅಂತ ತೋರ್ಸೋ ಪಿಎಚ್ ಪೇಪರ್ ಅದ್ದಿ 7ರ ಹತ್ರ ಬಂತಾ ನೋಡಿ. ಸುಣ್ಣ ಹಾಕಿದ್ಮೇಲೂ ಹಳ್ಳಕ್ಕೆ ಬಿಡೋಹಾಗಿಲ್ಲ, ಸಕ್ಕರೆ ಇನ್ನೂ ಅದ್ರಲ್ಲೇ ಇರತ್ತೆ. ಪಲ್ಪರ್‌ಗೆ ಅದೇ ನೀರನ್ನ ಎರಡು ಮೂರು ಸಲ ತಿರುಗಿಸಿ ಬಳಸಿದ್ರೆ ಗುಂಡಿ ಚಿಕ್ಕದೇ ಸಾಕು.