ಸೈಕಲ್‌ನಲ್ಲಿ ಗಿರಿ ಹತ್ತುವವರು ಮೊದಲು ಏರಿನ ಲೆಕ್ಕ ಹಾಕಿ

ಮುಳ್ಳಯ್ಯನಗಿರಿಗೆ ಸೈಕಲ್ ಹೊಡೆಯೋಣ ಅನ್ನೋರು ಬಹಳ ಜನ ಎಷ್ಟು ಕಿಲೋಮೀಟರ್ ಅಂತಷ್ಟೇ ಕೇಳ್ತಾರೆ. ದಯವಿಟ್ಟು ಏರು ಎಷ್ಟು ಅಂತ ಮೊದಲು ನೋಡಿ. ಚಿಕ್ಕಮಗಳೂರು ಪೇಟೆ ಇರೋದು ಸುಮಾರು 1,090 ಮೀಟರ್ ಎತ್ತರದಲ್ಲಿ, ಗಿರಿಯ ನೆತ್ತಿ 1,930 ಮೀಟರ್. ಈ ಏರಿನ ಬಹುಪಾಲು ಸಿಗೋದು ಪೇಟೆಯಿಂದ ಗಿರಿಗೆ ಹೋಗೋ ದಾರಿಯಲ್ಲಿರೋ ಕೈಮರ ದಾಟಿದ ಮೇಲೆ. ಹಾಗಾಗಿ ಅಲ್ಲಿವರೆಗೆ ಜೋರಾಗಿ ತುಳಿಯಬೇಡಿ, ಕಾಲಲ್ಲಿ ಕಸುವು ಉಳಿಸಿಕೊಳ್ಳಿ. ಏರಲ್ಲಿ ತುಳಿಯೋದು ಹಗುರಾಗೋಕೆ ಹಿಂದಿನ ಚಕ್ರದ ದೊಡ್ಡ ಹಲ್ಲುಚಕ್ರ 32 ಹಲ್ಲಿನದಾದರೂ ಇರಲಿ. ದಾರಿಯಲ್ಲೇ ಸಿಗೋ ಸೀತಾಳಯ್ಯನಗಿರಿಯಿಂದ ಮುಂದೆ ರಸ್ತೆ ಕಿರಿದು, ಏರು ಕಡಿದು.

ಶನಿವಾರ, ಭಾನುವಾರ ಬೇಡವೇ ಬೇಡ. ಪ್ರವಾಸಿಗರ ಕಾರು, ಜೀಪುಗಳ ನಡುವೆ ಸೈಕಲ್‌ಗೆ ಜಾಗವೇ ಸಿಗಲ್ಲ. ವಾರದ ದಿನ ಬೆಳಕು ಹರಿಯುತ್ತಲೇ ಹೊರಡಿ. ಹತ್ತುವಾಗ ಬೆವರಿದ ಮೈಗೆ ಮೇಲೆ ಗಾಳಿ ಹೊಡೆದ್ರೆ ನಡುಕ ಬರುತ್ತೆ, ತೆಳು ಜಾಕೆಟ್ ಜೇಬಲ್ಲಿರಲಿ. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬರಬೇಡಿ; ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮುಂಚೆ ಬ್ರೇಕ್ ಗಟ್ಟಿಯಾಗಿ ಹಿಡಿದು, ಆಮೇಲೆ ಸಡಿಲ ಬಿಡಿ.

ಕುದುರೆಮುಖ ರಾಷ್ಟ್ರೀಯ ಉದ್ಯಾನದ ದಾರಿ ಹಿಡಿಯೋರು ಸೈಕಲ್ ಬಿಡ್ತಾರಾ, ಎಷ್ಟು ಗಂಟೆಯೊಳಗೆ ದಾಟಬೇಕು ಅಂತ ಅರಣ್ಯ ಇಲಾಖೆಯವರನ್ನ ಹಿಂದಿನ ದಿನವೇ ಕೇಳಿ. ಪಂಕ್ಚರ್ ಸಾಮಾನು, ತಿಂಡಿ, ನೀರು ನಿಮ್ಮ ಹತ್ತಿರವೇ ಇರಲಿ. ಕಾಡುಕೋಣ ಓಡಾಡೋ ಜಾಗ, ಕತ್ತಲಾಗೋ ಹಾಗೆ ಮಾಡಿಕೊಳ್ಳಬೇಡಿ.

ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಹತ್ತೋದೂ ಬಹಳ ಚೆಂದ. ಆದರೆ ಮಳೆಗಾಲದಲ್ಲಿ ಹೋಗಬೇಡಿ. 2019ರಲ್ಲಿ ಗುಡ್ಡ ಕುಸಿದು ಘಾಟಿಯೇ ಮುಚ್ಚಿತ್ತು. ಮಳೆ ಪೂರ್ತಿ ನಿಂತು ರಸ್ತೆ ಒಣಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು.