ಲಾರಿ ಮಿಸ್ಸಿಂಗ್ ಹೊಡೀತಿದ್ರೆ, ನಾಝಲ್ ಬಿಚ್ಚೋ ಮೊದಲು

ಮಿಸ್ಸಿಂಗ್ ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದೆ ಇಂಜಿನ್ ತಡವರಿಸೋದು; ನಾಝಲ್ ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ಭಾಗ. ಹಳೇ ಇನ್‌ಲೈನ್ ಪಂಪಿನ (ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಪೈಪಲ್ಲಿ ಡೀಸೆಲ್ ತಳ್ಳೋ ಪಂಪು) ಲಾರಿಯಾದರೆ ಮೊದಲು ಡೀಸೆಲ್ ಫಿಲ್ಟರಿನ ಅಡಿ ಡ್ರೈನ್ ಬಿಚ್ಚಿ, ಗಾಜಿನ ಲೋಟಕ್ಕೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯೇ ನಿಲ್ಲುತ್ತೆ. ಆಮೇಲೆ ಏರ್ ತೆಗೆಯಿರಿ: ಬ್ಲೀಡ್ ಸ್ಕ್ರೂ ಸಡಿಲಿಸಿ, ನೊರೆ ನಿಲ್ಲೋವರೆಗೂ ಹ್ಯಾಂಡ್ ಪ್ರೈಮರ್ (ಕೈಪಂಪು) ಒತ್ತಿ. ಮರುದಿನ ಮತ್ತೆ ನೊರೆ ಬಂದರೆ ಟ್ಯಾಂಕಿಂದ, ಡೀಸೆಲ್ ಎಳೆಯೋ ಫೀಡ್ ಪಂಪಿನವರೆಗೆ ಎಲ್ಲೋ ಪೈಪು ಅಥವಾ ವಾಷರ್ ಗಾಳಿ ಎಳೀತಿದೆ. ಅಲ್ಲಿ ಡೀಸೆಲ್ ಹೊರಗೆ ಸೋರದೇ ಇರಬಹುದು, ಮೋಸ ಹೋಗಬೇಡಿ.

ಇಷ್ಟಕ್ಕೂ ಬಗ್ಗದಿದ್ದರೆ ಐಡ್ಲಿಂಗ್‌ನಲ್ಲಿ ಬಟ್ಟೆ ಸುತ್ತಿ, ಒಂದೊಂದೇ ನಾಝಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ ಬಿಗಿಮಾಡಿ. ಸದ್ದು ಬದಲಾಗದ ಸಿಲಿಂಡರೇ ಸತ್ತಿರೋದು. ಅದರ ನಾಝಲ್ ಪಕ್ಕದ್ದಕ್ಕೆ ಹಾಕಿ. ಮಿಸ್ಸಿಂಗ್ ಅಲ್ಲಿಗೇ ಹೋದರೆ ನಾಝಲ್ಲೇ ಕಳ್ಳ, ಹೋಗದಿದ್ದರೆ ಪಂಪು, ವಾಲ್ವ್, ಕಂಪ್ರೆಷನ್ ನೋಡಿಸಿ.

ಕಾಮನ್ ರೈಲ್ ಗಾಡಿಯಲ್ಲಿ (ಎಲ್ಲ ನಾಝಲ್‌ಗೂ ಒಂದೇ ಹೈ ಪ್ರೆಷರ್ ಪೈಪಿಂದ ಡೀಸೆಲ್ ಹೋಗೋದು) ಮಾತ್ರ ನಟ್ ಮುಟ್ಟಲೇಬೇಡಿ. 1,000 ಬಾರ್ ಮೀರಿದ ಒತ್ತಡದ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ. ದೋಷ ಓದೋ ಸ್ಕ್ಯಾನರ್ ಹಾಕಿಸಿ.