ಅ ಆ ಇ ಈ ಹಿಡಿದು ದೇವರ ಮುಂದೆ ಅತ್ತಿದ್ದು: ನನ್ನ ಅನುಭವ

ಆಸ್ಪತ್ರೆ ಭೇಟಿ, ಮನೆ ಪ್ರಾರ್ಥನೆ ಮಾಡುವ ಅಕ್ಕಂದಿರು, ಅಣ್ಣಂದಿರು ತುಂಬಾ ದಿನದಿಂದ ಕೇಳುತ್ತಿದ್ದಾರೆ, 'ನೀವು ರೋಗಿಗಳ ಕೈಲಿ ಹಾಳೆಯಲ್ಲಿ ಏನೋ ಬರೆಸುತ್ತೀರಂತಲ್ಲ, ಅದೇನು' ಅಂತ. ಅದಕ್ಕೇ ಬರೆಯಲು ಕೂತೆ. ರೋಗಿಯ ಹತ್ತಿರ ಹೇಗೆ ಕೂರಬೇಕು, ಪ್ರಾರ್ಥನೆ ಎಷ್ಟು ಹೊತ್ತು ಇರಬೇಕು ಅನ್ನುವುದೆಲ್ಲ ನಿಮಗೆ ಗೊತ್ತೇ ಇದೆ. ಅ ಆ ಇ ಈ ಹಿಡಿದು, ಅಕ್ಷರಕ್ಕೊಂದು ಸಾಲಿನಂತೆ ತಮ್ಮ ನೋವನ್ನು ದೇವರಿಗೇ ಬರೆಯುವುದು, ಅಷ್ಟೇ ಅದು. ನಾನು ಮಾಡಿದ್ದನ್ನಷ್ಟೇ ಹೇಳುತ್ತೇನೆ. ಶುರು ಮಾಡಿದಾಗ ನಮ್ಮ ಕ್ರೈಸ್ತ ಸಭೆಯಲ್ಲೇ ಇದನ್ನು ಅವಿಶ್ವಾಸ ಅಂದವರಿದ್ದರು. ಈಗ ಮೂರು ಸಭೆಗಳಿಂದ ನನಗೆ ಕರೆ ಬರುತ್ತದೆ.

ನಮ್ಮ ಮನೆಯವರಿಗೆ ಎರಡೂ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಮೊದಲ ವರ್ಷ ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿದೆವು. ಒಂದು ಸಲಕ್ಕೆ ಸಾವಿರದ ಆರುನೂರೋ ಏಳುನೂರೋ, ಮೇಲೆ ರಕ್ತ ಹೆಚ್ಚಲು ಇಂಜೆಕ್ಷನ್, ಆಟೋ, ಎಲ್ಲ ಸೇರಿ ತಿಂಗಳಿಗೆ 28 ಸಾವಿರ ಹತ್ತಿರ ಆಗುತ್ತಿತ್ತು. ನನ್ನ ಎರಡೆಳೆ ಸರ ಹೋಯಿತು, ಆಮೇಲೆ ಬಳೆ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಹೊತ್ತಿಗೆ ನಾಲ್ಕು ಲಕ್ಷ ಸಾಲ ತಲೆ ಮೇಲಿತ್ತು. ಎರಡು ಸಲ, ರೋಗ ವಾಸಿಯಾಗಲಿ ಅಂತ ಪ್ರಾರ್ಥಿಸುವ ದೂರದ ಸ್ವಸ್ಥತಾ ಕೂಟಗಳಿಗೂ ಕಾರು ಮಾಡಿಕೊಂಡು ಹೋದೆವು. ಅದಕ್ಕೇ 22 ಸಾವಿರ ಆಯಿತು. ಎರಡನೇ ಸಲ ವಾಪಸ್ ಬರುವಾಗ ಇವರು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಆವತ್ತಿನಿಂದ ಪ್ರಾರ್ಥನೆ ಬಿಟ್ಟರು. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸದ ಬಟ್ಟಲು ಕೊಡುವ ಕರ್ತನ ಭೋಜನಕ್ಕೂ ಏಳುತ್ತಿರಲಿಲ್ಲ.

ಮನೆಗೆ ಬಂದವರೆಲ್ಲ ವಾಗ್ದಾನ ವಾಕ್ಯ ಹೇಳುತ್ತಿದ್ದರು. ಸತ್ಯವೇದದ (ಬೈಬಲಿನ) ಕೀರ್ತನೆ 23, 91, 121. ಅವು ನನಗೂ ಪ್ರಾಣ. ಆದರೆ ಇವರು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು.

ಒಂದು ದಿನ ಡಯಾಲಿಸಿಸ್ ನಡೆಯುತ್ತಿದ್ದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತು ಸತ್ಯವೇದದಲ್ಲಿ ಪ್ರಲಾಪಗಳ ಪುಸ್ತಕ ತೆಗೆದೆ. ಮನೆಯಲ್ಲಿದ್ದ ಕ್ಯಾಲೆಂಡರಿನಲ್ಲಿ ಅದರದ್ದೇ ವಾಕ್ಯ ಇತ್ತು, ದೇವರ ಕರುಣೆ ದಿನದಿನವೂ ಹೊಸದು ಅನ್ನುವುದು, ಮೂರನೇ ಅಧ್ಯಾಯ, 22 ಮತ್ತು 23ನೇ ವಚನ. ಅದರ ಹಿಂದಿನ 20 ವಚನ ಯಾವ ಕ್ಯಾಲೆಂಡರಿನಲ್ಲೂ ನೋಡಿಲ್ಲ ನಾನು. ದೇವರು ನನ್ನ ಚರ್ಮ ಸವೆಸಿದ್ದಾನೆ, ಎಲುಬು ಮುರಿದಿದ್ದಾನೆ, ಕೂಗಿಕೊಂಡರೂ ನನ್ನ ಪ್ರಾರ್ಥನೆಗೆ ಬಾಗಿಲು ಹಾಕಿದ್ದಾನೆ ಅಂತ ಆ ಮನುಷ್ಯ ನೇರ ದೇವರಿಗೇ ಕೇಳುವ ಹಾಗೆ ಹೇಳುತ್ತಾನೆ. 1831ರಲ್ಲಿ ಬಳ್ಳಾರಿಯಲ್ಲಿ ಇಡೀ ಸತ್ಯವೇದ ಕನ್ನಡದಲ್ಲಿ ಬಂದಾಗಿನಿಂದ ಈ ಮಾತು ನಮ್ಮ ಕೈಯಲ್ಲೇ ಇದೆ. ಆದರೂ ನೋವಿನಲ್ಲಿ ಇರುವವರ ಮುಂದೆ ಇದನ್ನು ನಾವು ಓದುವುದೇ ಇಲ್ಲ, ಅಲ್ವಾ?

ನಮ್ಮ ಸಭಾಪಾಲಕ ಅಯ್ಯನವರು ಹಿಂದೊಮ್ಮೆ ಹೇಳಿದ್ದು ಆಗ ನೆನಪಾಯಿತು. ಇಬ್ರಿಯ ಭಾಷೆಗೆ 22 ಅಕ್ಷರ. ಪ್ರಲಾಪಗಳ ಮೊದಲ ನಾಲ್ಕು ಅಧ್ಯಾಯ ಅಕ್ಷರಮಾಲೆ ಹಿಡಿದೇ ಬರೆದಿದ್ದು. ಅದಕ್ಕೇ ಒಂದರಲ್ಲಿ, ಎರಡರಲ್ಲಿ, ನಾಲ್ಕರಲ್ಲಿ 22 ವಚನ, ಮೂರರಲ್ಲಿ ಅಕ್ಷರಕ್ಕೆ ಮೂರರಂತೆ 66. ಐದನೆಯದರಲ್ಲೂ 22 ಇವೆ, ಆದರೆ ಅಕ್ಷರದ ಕ್ರಮ ಇಲ್ಲ. ಅತ್ತೂ ಅತ್ತೂ ಅಲ್ಲಿಗೆ ಬರುವಾಗ ಕೈ ಸೋತಿರಬೇಕು ಅಂತ ನನಗನಿಸುತ್ತದೆ. ಹಾಗಾದರೆ ನಮ್ಮ ಅ ಆ ಇ ಈ ಹಿಡಿದು ಯಾಕೆ ಅಳಬಾರದು?

ಮಗಳ ಹಳೇ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದೆ. ಎಡಗಡೆ ಮೇಲಿಂದ ಕೆಳಗೆ ಹದಿಮೂರು ಸ್ವರ ಬರೆದೆ, ಕೊನೆಗೆ ಅಂ, ಅಃ. ಅವಳ ಪರೀಕ್ಷೆಯ ಪ್ಯಾಡಿಗೆ ಸಿಕ್ಕಿಸಿ ಇವರ ಮಡಿಲಲ್ಲಿ ಇಟ್ಟೆ. ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಎಡಗೈಯಲ್ಲಿ, ಬಲಗೈ ಖಾಲಿ. 'ಒಂದೊಂದು ಅಕ್ಷರಕ್ಕೆ ಒಂದೊಂದು ಸಾಲು. ದೇವರಿಗೇ ಬರೆಯಿರಿ. ಚೆನ್ನಾಗಿ ಬರೆಯಬೇಡಿ, ಇದ್ದದ್ದನ್ನು ಬರೆಯಿರಿ' ಅಂದೆ. ಮೂರು ಡಯಾಲಿಸಿಸ್ ಕಳೆದರೂ ಹಾಳೆ ಹಾಗೇ ಇತ್ತು. ನಾಲ್ಕನೇ ದಿನ ನೋಡಿದರೆ ಮೂರು ಸಾಲು.

ಅಪ್ಪಾ ಅಂತ ಕರೆದು ಕರೆದು ಸಾಕಾಯಿತು.
ಆಸೆ ಒಂದೇ, ಒಂದು ಚೊಂಬು ನೀರು ಗಟಗಟ ಕುಡಿಯಬೇಕು.
ಇವಳ ಕೊರಳು ಬರಿದಾಯಿತು, ನೋಡಿದೆಯಾ?

ನನ್ನ ಸರದ ಬಗ್ಗೆ ಇವರು ಒಂದು ದಿನವೂ ಬಾಯಿ ಬಿಟ್ಟವರಲ್ಲ. ಆ ಮೂರನೇ ಸಾಲನ್ನು ನಾನು ಬಾತ್‌ರೂಮಿನಲ್ಲಿ ನಿಂತು ಎಷ್ಟು ಸಲ ಓದಿದೆನೋ.

ಎರಡು ವಾರದಲ್ಲಿ ಕೆಳಗೆ ಇಳಿದರು. ಋ ಬಂದಾಗ 'ಋಣ ನಾಲ್ಕು ಲಕ್ಷ, ನಿನಗೆ ಗೊತ್ತಿರಲಿ'. ಏ ಬಂದಾಗ 'ಏಳು ಕರ್ತನೇ, ಯಾಕೆ ಮಲಗಿದ್ದೀ?' ಆವತ್ತು ನಾನು ಕೀರ್ತನೆ 44ರ 23ನೇ ವಚನ ತೋರಿಸಿದೆ. ಅಲ್ಲೂ ಅದೇ ಮಾತು ಇದೆ. 'ಇದು ಸತ್ಯವೇದದಲ್ಲೇ ಇದೆಯಾ?' ಅಂತ ಕೇಳಿ ಪುಸ್ತಕ ತಾವೇ ಇಸಿದುಕೊಂಡರು. ಎಂಟು ತಿಂಗಳ ಮೇಲೆ ಮೊದಲ ಸಲ. ಆಮೇಲೆ ಕೀರ್ತನೆ 13, ಆಮೇಲೆ 88. 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸ್ತೋತ್ರ ಇಲ್ಲ. ಇವರಿಗೆ ಅದೇ ಇಷ್ಟವಾಯಿತು. ಕೀರ್ತನೆ 22ಕ್ಕೆ ಬಂದಾಗ ಹೇಳಿದರು, 'ನನ್ನ ದೇವರೇ, ಯಾಕೆ ಕೈಬಿಟ್ಟೆ ಅಂತ ಶಿಲುಬೆಯ ಮೇಲೆ ಯೇಸುಸ್ವಾಮಿಯೂ ಇದನ್ನೇ ಕೂಗಿದರಲ್ವಾ. ಹಾಗಾದರೆ ನಾನು ಹೇಳುವುದು ಅವರಿಗೆ ಅರ್ಥವಾಗುತ್ತದೆ.' ನನ್ನ ಮಟ್ಟಿಗೆ ಕೆಲಸ ಆಗಿದ್ದು ಅಲ್ಲಿ. ಬಾಕಿಯದ್ದು ಅದರ ಹಿಂದೆ ತಾನಾಗಿ ಬಂತು.

ಮುಂದಿನ ತಿಂಗಳು ಮೊದಲ ಭಾನುವಾರ ಇವರು ಕರ್ತನ ಭೋಜನಕ್ಕೆ ಎದ್ದರು. ಇವರು ಹೆಚ್ಚು ನೀರು ಕುಡಿಯುವ ಹಾಗಿರಲಿಲ್ಲ, ದಿನಕ್ಕೆ ಮುಕ್ಕಾಲು ಲೀಟರ್ ಅಷ್ಟೇ, ಲೋಟದಲ್ಲಿ ಅಳೆದು ಕೊಡುತ್ತಿದ್ದೆ. ಆ ಚಿಕ್ಕ ಬಟ್ಟಲು ಕುಡಿದು ಬಂದು ಪಕ್ಕ ಕೂತು, 'ಇದನ್ನೂ ಲೆಕ್ಕಕ್ಕೆ ಹಿಡಿ' ಅಂದರು. ನಾನು ಹಿಡಿಯಲಿಲ್ಲ.

ಕಾಯಿಲೆ ವಾಸಿಯಾಗಲಿಲ್ಲ. ಅದಾಗಿ ಒಂದೂವರೆ ವರ್ಷಕ್ಕೆ ಇವರು ಕರ್ತನ ಬಳಿ ಹೋದರು. ಆದರೆ ಆ ಒಂದೂವರೆ ವರ್ಷ ಗೋಡೆ ಕಡೆ ತಿರುಗಿ ಮಲಗಲಿಲ್ಲ. ಒಂದು ರಾತ್ರಿ ನನ್ನ ಬೆರಳು ತೆಗೆದು ಫಿಸ್ಟುಲಾದ ಮೇಲೆ ಇಟ್ಟುಕೊಂಡರು. ಮುಟ್ಟಿದವರಿಗೆ ಗೊತ್ತು, ಚರ್ಮದ ಕೆಳಗೆ ಜೇನುಹುಳ ಕೂತ ಹಾಗೆ ಗುಂಯ್ ಅನ್ನುತ್ತದೆ. 'ಸ್ವಾಮಿ ಸಾವಿನಿಂದ ಎದ್ದು ಬಂದ ಮೇಲೂ ಕೈಯಲ್ಲಿ ಗಾಯ ಇತ್ತು, ಶಿಷ್ಯ ತೋಮನಿಗೆ ತೋರಿಸಿದರು. ನನಗೆ ಹೊಸ ದೇಹ ಬಂದಾಗ ಈ ಗುರುತೂ ಇರುತ್ತದೇನೋ. ಇದ್ದರೆ ನೀನು ಬೇಗ ಗುರುತು ಹಿಡಿಯುತ್ತೀ' ಅಂದರು. ಪುನರುತ್ಥಾನದ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ನಾನು ಈಗ ಹಿಡಿದುಕೊಂಡಿರುವುದು ಈ ಮಾತು.

ಬೇರೆಯವರಿಗೆ ಮಾಡಲು ಹೋಗಿ ಕೆಡಿಸಿಕೊಂಡಿದ್ದೂ ಹೇಳಬೇಕು. ಮೊದಲನೆಯದು ಒಬ್ಬ ಅಜ್ಜಿ. ಏನೂ ಪೀಠಿಕೆ ಇಲ್ಲದೆ ಸೀದಾ ಕೀರ್ತನೆ 88 ಓದಿಬಿಟ್ಟೆ. 'ಸಾಯುವ ವಾಕ್ಯ ಓದಿದರು' ಅಂತ ಮಗ ಸಿಟ್ಟಾಗಿ ಎದ್ದು ಹೋದ. ತಪ್ಪು ನನ್ನದೇ. ಮೊದಲು ಅವರ ಅಳು, ಆಮೇಲೆ ಸತ್ಯವೇದದ ಅಳು. ಇದನ್ನು ತಿರುಗಿಸಬೇಡಿ.

ಎರಡನೆಯದು ಸ್ತ್ರೀಯರ ಕೂಟದಲ್ಲಿ ಇಪ್ಪತ್ತು ಜನರಿಗೆ ಒಟ್ಟಿಗೆ ಬರೆಸಿದ್ದು. ಪಕ್ಕದವರು ನೋಡುತ್ತಾರೆ ಅಂತ ಎಲ್ಲರೂ ಚಂದ ಚಂದ ಸಾಲು ಬರೆದರು. ಒಂದರಲ್ಲೂ ಜೀವ ಇರಲಿಲ್ಲ. ಇದು ಒಬ್ಬರು, ಒಂದು ಹಾಳೆ, ಮುಚ್ಚಿದ ಬಾಗಿಲು.

ಮೂರನೆಯದು ದುಡ್ಡು. ಉತ್ಸಾಹದಲ್ಲಿ 200 ಪುಸ್ತಿಕೆ ಅಚ್ಚು ಹಾಕಿಸಿದೆ, ಆರು ಸಾವಿರ ಚಿಲ್ಲರೆ. ಅಕ್ಷರ ಸಣ್ಣದಾಯಿತು, ಹೊಳೆಯುವ ಕಾಗದದ ಮೇಲೆ ಪೆನ್ನು ಜಾರಿತು, ಮಲಗಿದವರಿಗೆ ಪುಟ ಮಡಚಲು ಆಗಲಿಲ್ಲ. ನೂರೈವತ್ತು ಇನ್ನೂ ಬೀರುವಿನಲ್ಲಿವೆ. ಈಗ ಜೆರಾಕ್ಸ್ ಒಂದೇ ಹಾಳೆ, ಎರಡು ರೂಪಾಯಿ. ದಪ್ಪ ಅಕ್ಷರ, ಸಾಲುಗಳ ನಡುವೆ ಎರಡು ಬೆರಳು ಜಾಗ, ಜೊತೆಗೆ ಒಂದು ಪ್ಯಾಡು, ಪೆನ್ಸಿಲ್. ಮಲಗಿ ಬರೆದರೆ ಪೆನ್ನು ನಿಂತುಹೋಗುತ್ತದೆ, ಅದಕ್ಕೆ ಪೆನ್ಸಿಲೇ ಸರಿ. ವರ್ಷಕ್ಕೆ ಎಲ್ಲ ಸೇರಿ ಒಂದೂವರೆ ಸಾವಿರ ದಾಟಿಲ್ಲ.

ಬೇರೆ ಪ್ರಯೋಗಗಳೂ ಆದವು. ಕ ಖ ಗ ಘ ಹಿಡಿದು ನೋಡಿದೆ, ಙ ಬಂದು ಎಲ್ಲರೂ ನಿಂತರು. ಹದಿಮೂರು ಸ್ವರ ಸಾಕು. ಮೊಬೈಲಿನಲ್ಲಿ ಕೀರ್ತನೆಗಳನ್ನು ನನ್ನದೇ ಧ್ವನಿಯಲ್ಲಿ ಓದಿ ಕಳಿಸಿದೆ. ನಿದ್ದೆ ಬಾರದವರಿಗೆ ಅದು ಚೆನ್ನಾಗಿ ಹಿಡಿಯಿತು, ಒಬ್ಬರಂತೂ ಕೀರ್ತನೆ 130 ಮಾತ್ರ ಮತ್ತೆ ಮತ್ತೆ ಹಾಕಿಕೊಳ್ಳುತ್ತಿದ್ದರು. ಎಲ್ಲ ಕಳೆದುಕೊಂಡು ನರಳಿದ ಯೋಬನ ಪುಸ್ತಕ ಪೂರ್ತಿ ಓದಿಸಲು ಹೋಗಬೇಡಿ, 42 ಅಧ್ಯಾಯ ಯಾರಿಂದಲೂ ಆಗಲ್ಲ. ನಮಗೆ ಬೇಕಾದ್ದು ಎರಡನೇ ಅಧ್ಯಾಯದ ಕೊನೆಯ ವಚನ. ಅವನ ಸ್ನೇಹಿತರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ನೆ ಕೂತಿದ್ದು. ಬಾಯಿ ತೆರೆದ ಮೇಲೆಯೇ ಅವರು ಕೆಡಿಸಿದ್ದು.

ಓದು ಬರಹ ಬಾರದವರಿಗೆ ನಾನು ಅಕ್ಷರ ಹೇಳುತ್ತೇನೆ, ಅವರು ಸಾಲು ಹೇಳುತ್ತಾರೆ, ನಾನು ಬರೆಯುತ್ತೇನೆ. ರಾತ್ರಿ ಶಾಲೆಯಲ್ಲಿ ಅ ಆ ಮಾತ್ರ ಕಲಿತ ಒಬ್ಬ ಅಮ್ಮ ಅಃ ಬಂದಾಗ ನನ್ನ ಮುಖ ನೋಡಿ, ಉಸಿರು ಬಿಟ್ಟು, 'ಇದಕ್ಕೆ ಮಾತಿಲ್ಲವಲ್ಲ' ಅಂದರು. ರೋಮಾಪುರದವರಿಗೆ ಬರೆದ ಪತ್ರಿಕೆ 8:26 ಅಲ್ಲಿಯೇ ಓದಿದೆ. ಮಾತಿಗೆ ಸಿಕ್ಕದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ. ಅಃ ಎದುರು ಖಾಲಿ ಬಿಡಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ. ನಮ್ಮ ಮನೆಯವರ ಹಾಳೆಯಲ್ಲೂ ಅಲ್ಲಿ ಖಾಲಿಯೇ ಇದೆ.

ಋ ಸಾಲು ಮುಗಿದ ಮೇಲೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ಎಲ್ಲರೂ ಮೊದಲ ದಿನವೇ ಕೇಳಿಬಿಡುತ್ತಾರೆ, ಗಾಯ ಕೆದಕಿದ ಹಾಗಾಗುತ್ತದೆ. ಒಂದು ಭೇಟಿಗೆ ಜೊತೆಯಲ್ಲಿ ಬನ್ನಿ, ನೋಡಿಯೇ ಕಲಿಯಿರಿ. ತುಂಬಿದ ಹಾಳೆಯನ್ನು ಆಮೇಲೆ ಏನು ಮಾಡಬೇಕು ಅನ್ನುವುದೂ ಹಾಗೇ.

ಇಲ್ಲಿಯವರೆಗೆ ನಲವತ್ತು, ನಲವತ್ತೈದು ಜನ ಬರೆದಿದ್ದಾರೆ. ಹತ್ತು ಹನ್ನೆರಡು ಜನ ಅರ್ಧಕ್ಕೇ ಬಿಟ್ಟರು. ನಾನು ಮತ್ತೆ ಕೇಳಲಿಲ್ಲ.

'ದೇವರ ಮೇಲೆ ಗೊಣಗುವುದನ್ನು ಕಲಿಸುತ್ತೀಯಾ ತಂಗಿ' ಅಂತ ಸಭೆಯ ಮುಂದೆಯೇ ಕೇಳಿದ್ದ ಹಿರಿಯರೊಬ್ಬರಿದ್ದಾರೆ. ಹೋದ ತಿಂಗಳು ಅವರ ಹೆಂಡತಿಗೆ ಲಕ್ವ ಹೊಡೆಯಿತು. ನಾನು ರಾಗಿ ಗಂಜಿ ತೆಗೆದುಕೊಂಡು ಹೋದೆ, ಹಾಳೆ ಒಯ್ದಿರಲಿಲ್ಲ. ಹೊರಡುವಾಗ ಗೇಟಿನ ತನಕ ಬಂದರು. ಚಪ್ಪಲಿ ಹಾಕಿಕೊಳ್ಳುತ್ತಿದ್ದೆ, 'ಆ ಹಾಳೆ ಒಂದು ಇದ್ದರೆ ಕೊಡು ತಂಗಿ' ಅಂದರು. ಅವರಿಗೇ ಅಂತೆ, ಹೆಂಡತಿಗಲ್ಲ. ಸಂಜೆ ಮಗಳ ಕೈಲಿ ಕಳಿಸಿದೆ. ಮೂರು ವಾರ ಆಯಿತು, ಈಗ 'ಈ' ಅನ್ನುವ ಅಕ್ಷರಕ್ಕೆ ಬಂದಿದ್ದಾರೆ. ನಾನು ಅವಸರ ಮಾಡಿಲ್ಲ.